ಕಪಾಟಿನವಳು

ಜೂನ್ ಒಂದರಿಂದ ಸಮುದ್ರಕ್ಕೆ ಬೀಗ.
ಬೈತಖೋಲದ ಶೆಡ್ಡಿನಲ್ಲಿ ಹರಿದ ಬಲೆ ಹರವಿಕೊಂಡು
ಏಳು ಜನ ಗಂಡಸರು ನಾವು,
ಬೆಳಗಿನಿಂದ ಒಬ್ಬಳದೇ ಸುದ್ದಿ:
ಕಪಾಟಿನ ಕನ್ನಡಿಯೊಳಗೆ ಸಂಸಾರ ಹೂಡಿದ ಇಂದುಶ್ರೀ.

ಸತ್ತು ಇನ್ನೂರ ನಲವತ್ತು ಕಂತಾಯಿತು,
ಮುಡಿದ ಅಬ್ಬಲಿಗೆ ಬಾಡಿಲ್ಲ.
ರಾತ್ರಿ ಎಂಟೂವರೆಗೆ ಕನ್ನಡಿ ಮಂಜಾಗುತ್ತದೆ,
ಗಂಡ ನಿಶ್ಚಲ ಬೆವರುತ್ತಾನೆ,
ಎರಡನೆಯವಳು, ಸೌಪರ್ಣಿಕಾ,
ಹಾಲಿನ ಲೋಟ ಬೀಳಿಸುತ್ತಾಳೆ. ದಿನಾ ಒಂದು ಲೋಟ.
"ಸ್ಟೀಲಿನದು ತಕೊಳ್ಳಬಾರದಾ ಆ ಮನೆಯವರು?"
ಎನ್ನುತ್ತಾನೆ ರೋಕಿ.

ಪುರ್ಸು ತಾಂಡೇಲನ ತೀರ್ಪು: ಮೊದಲನೆಯವಳೇ ಹೆಂಡತಿ.
ಸತ್ತರೇನು? ಬೋಟು ಮುಳುಗಿದರೆ
ಅದರ ನಂಬರು ಇನ್ನೊಂದಕ್ಕೆ ಕೊಡ್ತಾರಾ?
ಗಣಬಾನದು ಮಂತ್ರವಾದಿಯ ಪಕ್ಷ.
ನಿಂಬೆಹಣ್ಣು ಹಿಡಿದು ಅಷ್ಟು ದೂರದಿಂದ ಬಂದವನು
ಅವಳನ್ನು ಹಿಡಿಯದೆ ಬರೀ ನೋಡುತ್ತ ಕೂತನಲ್ಲ,
ಅದು ಪ್ರೀತಿಯಲ್ಲದೆ ಮತ್ತೇನು ಮಾರಾಯಾ?
ಮಾತಿನ ಭರಕ್ಕೆ ಸೂಜಿ ತಪ್ಪಿ
ಒಂದು ಕಣ್ಣಿನ ಜಾಗದಲ್ಲಿ ಎರಡು ಕಣ್ಣು ಹೆಣೆದಿದ್ದ.

ನಾನು ಯಾರಿಗೂ ಹೇಳದ್ದು:
ನನಗೆ ಅವರಿಬ್ಬರು ಬೇಕು, ಗಂಡ ಬೇಡ.
ನೂರಾ ಎಂಬತ್ತನೇ ಕಂತಿನಲ್ಲಿ ಸೌಪರ್ಣಿಕಾಗೆ ಜ್ವರ,
ಮನೆಯಲ್ಲಿ ಯಾರೂ ಇಲ್ಲ,
ಕನ್ನಡಿಯಿಂದ ಒಂದು ಕೈ ಬಂದು
ಹಣೆಯ ಒದ್ದೆಬಟ್ಟೆ ಬದಲಿಸಿ ಹೋಯಿತು.
ಅರ್ಧ ನಿಮಿಷ. ಸಂಗೀತ ಕೂಡ ಹಾಕಿರಲಿಲ್ಲ.
ಮಾರನೆ ದಿನ ಮತ್ತೆ ಹಾಲು, ಮತ್ತೆ ಕಿರುಚಾಟ,
ಬರೆದವನೇ ಮರೆತಿದ್ದ.
ನನಗೆ ಮರೆಯಲಾಗಲಿಲ್ಲ.

ಕೆರೆಗೆ ಬಿದ್ದು ಸತ್ತವಳು ಅವಳು.
"ಕಾಡಿಗೆ ಸಹಿತ ಕರಗಿಲ್ಲ ನೋಡು" ಎಂದು ರೋಕಿ ನಕ್ಕ.
ಯಾರೂ ನಗಲಿಲ್ಲ.
ನೀರಿನಿಂದ ಎತ್ತಿದವರು ನಾವು,
ಮೂರನೇ ದಿನದ ಮುಖ ಬಲ್ಲವರು.
ಬುದವಂತ ಬೀಡಿ ಹಚ್ಚಿದ:
"ಇರಲಿ ಬಿಡು.
ಟೀವಿಯಲ್ಲಾದರೂ ಚಂದಾಗಿ ಬರಲಿ."

ಆಗಸ್ಟ್ ಒಂದು. ಐಸು, ಡೀಸೆಲ್, ತೆಂಗಿನಕಾಯಿ.
ಕೊನೆಯ ಕಂತು ಐದನೇ ತಾರೀಖಿಗೆ.
ಡೀಸೆಲ್ಲನ್ನು ಚಮಚದಲ್ಲಿ ಅಳೆಯುವ ತಾಂಡೇಲ
ಐದರ ರಾತ್ರಿ, ಬಲೆಯ ಏನೋ ನೆಪ ಹೇಳಿ,
ದೇವಗಡದ ದೀಪ ಕಾಣುವಷ್ಟು ಒಳಗೆ ಬೋಟು ತಂದ.
ಅಲ್ಲಿ ಒಂದೂವರೆ ಕಡ್ಡಿ ಸಿಗ್ನಲ್ಲು.
ಏಳು ಫೋನು ಏಳು ಮೂಲೆಗೆ.
ಮಕ್ಕಳ ಕೆಮ್ಮು, ಸೊಸೈಟಿಯ ಕಂತು, ಒಂದನ್ನೂ ಕೇಳಲಿಲ್ಲ,
"ಏನಾಯ್ತೇ? ಹೋದಳಾ?"

ತಾಂಡೇಲನ ಹೆಂಡತಿ: ಕನ್ನಡಿ ಒಡೆದು ಗಂಡನೂ ಒಳಗೆ ಹೋದ.
ಗಣಬಾನ ತಂಗಿ: ಮಂತ್ರವಾದಿ ಕಪಾಟನ್ನೇ
ಟೆಂಪೋದಲ್ಲಿ ಹಾಕಿಕೊಂಡು ಹೊರಟ.
ರೋಕಿಯ ತಾಯಿ: ಅವಳು ಸತ್ತೇ ಇರಲಿಲ್ಲ.
ನನ್ನ ತುಳಸಿ, ಗಾಳಿಯ ಸದ್ದಿನ ನಡುವೆ:
"ಇಬ್ಬರೂ ಅಡುಗೆಮನೆಯಲ್ಲಿ ಕೂತು ಚಾ ಕುಡಿದರು."
"ಅವನು?" ಎಂದೆ.
ಕಡ್ಡಿ ಹೋಯಿತು.

ರಾತ್ರಿಯಿಡೀ ಜಗಳ,
ಯಾರ ಮನೆಯವಳು ಸುಳ್ಳು ಹೇಳಿದಳೆಂದು.
ಬಂಗಡೆಯ ದೊಡ್ಡ ಹಿಂಡೊಂದು
ಪಕ್ಕದಲ್ಲೇ ಹಾದುಹೋಯಿತಂತೆ,
ಬುದವಂತನೊಬ್ಬ ನೋಡಿದ್ದ.

ಒಂಬತ್ತನೇ ದಿನ ದಕ್ಕೆಯಲ್ಲಿ ಬುಟ್ಟಿ ಇಳಿಸುವಾಗ
ಐಸ್ ಫ್ಯಾಕ್ಟರಿಯವನ ಗೋಳು:
ಐದರ ಸಂಜೆ ಆರರಿಂದ ಬೆಳಗಿನವರೆಗೆ
ಊರಿಗೆ ಊರೇ ಕತ್ತಲೆ, ಕರೆಂಟಿಲ್ಲ,
ಅರ್ಧ ಲೋಡು ಐಸು ನೀರು.
ನಾವು ಏಳು ಜನ
ಬುಟ್ಟಿಗಳನ್ನೇ ನೋಡುತ್ತ ನಿಂತೆವು.

ಮನೆಯಲ್ಲಿ ತುಳಸಿ ಚಾಕ್ಕೆ ಇಟ್ಟಳು.
ನಮ್ಮ ಕಪಾಟಿನ ಕನ್ನಡಿಯಲ್ಲಿ ಅವಳ ಬೆನ್ನು,
ಜಡೆಯಲ್ಲಿ ನಿನ್ನೆಯ ಹೂವು, ಬಾಡಿದ್ದು.
ಕೇಳಲೋ ಬೇಡವೋ ಎಂದುಕೊಂಡು ಕೇಳಿದೆ:
"ಆ ಚಾಕ್ಕೆ ಸಕ್ಕರೆ ಹಾಕಿದ್ದು ಯಾರು?"
"ಇಂದುಶ್ರೀ," ಎಂದಳು, ತಿರುಗದೆ, ತಡವರಿಸದೆ,
"ಇನ್ನೊಬ್ಬಳಿಗೆ ಸ್ವಲ್ಪ ಕಮ್ಮಿ."