ಎರಡೂವರೆ ಪಟ್ಟು

ಹಗಲೆಲ್ಲ ನನ್ನ ಬಲಗಣ್ಣಿಗೆ ಹತ್ತು ಪಟ್ಟಿನ ಗಾಜು.
ಡುಮಗೆಟೆಯ ಮೀನುಪೇಟೆಯ ಹಿಂದೆ, ಮೆಟ್ಟಿಲ ಕೆಳಗೆ
ನನ್ನ ಅಂಗಡಿ. ಅಂಗಡಿ ಅನ್ನುವುದೂ ದೊಡ್ಡ ಮಾತೇ:
ಒಂದು ಮೇಜು, ಒಂದು ದೀಪ, ನಿಂತುಹೋದ ಗಡಿಯಾರಗಳು.
ಹತ್ತು ಪಟ್ಟಿನಲ್ಲಿ ಹಲ್ಲುಚಕ್ರದ ಒಂದೇ ಹಲ್ಲು
ಹಡಗುಕಟ್ಟೆಯ ಗೋಡೆಯಷ್ಟು ಎತ್ತರ;
ಗೋಡೆಯಲ್ಲಿ ಬಿರುಕು, ಬಿರುಕಲ್ಲಿ ಎಣ್ಣೆ, ಎಣ್ಣೆಯಲ್ಲಿ ಧೂಳು.
ಗಂಟೆ ಎಷ್ಟಾಯಿತು ಎನ್ನುವುದೊಂದು ಬಿಟ್ಟು
ಎಲ್ಲವೂ ಕಾಣುತ್ತದೆ.

ಇದು ಗೊತ್ತಿದ್ದವನೇ ನಾನು. ಆದರೂ ಹಟ ಹಿಡಿದೆ,
ಬಾರ್ಲೋ ಕೊಂಡರೆ ಐದು ಪಟ್ಟಿನದೇ ಕೊಳ್ಳುವುದೆಂದು.

ಬೇಡ ಅಂದಳು ತೆಯೋಫಿಲಾ.
ಐಸ್ ಫ್ಯಾಕ್ಟರಿಯ ಲೆಕ್ಕ ಬರೆಯುವವಳು,
ಟನ್ನುಗಟ್ಟಲೆ ಸರಕು ಲಾರಿಯಲ್ಲೇ ಎಷ್ಟು ಕರಗುತ್ತದೆಂದು
ಕೈ ಇಡದೆ ಹೇಳಬಲ್ಲವಳು.
ಬಿಲ್ಲಿನ ಬೆನ್ನಿಗೆ ಪೆನ್ಸಿಲಲ್ಲಿ ಗೀಚಿದಳು:
ಕ್ಯಾಮೆರಾದ ಒಂದು ಚುಕ್ಕಿ ಮೂರು ಮೈಕ್ರಾನ್,
ಐದರಿಂದ ಗುಣಿಸಿದರೆ ಹದಿನೈದು.
ನಿಮ್ಮ ಟೆಲಿಸ್ಕೋಪಿನದು ಆರು, ನೊಂಗ್ ಪ್ಲಾಸಿಡೊ.
ಆರು ಎಷ್ಟು ಸಲ ಹದಿನೈದು? ಎರಡೂವರೆ.
ಅದರಾಚೆ ಹಿಗ್ಗುವುದು ಗ್ರಹವಲ್ಲ,
ನಿಮ್ಮ ಆಸೆ.

ನಕ್ಕುಬಿಟ್ಟೆ. ಮೂರು ತಿಂಗಳ ದುಡಿಮೆ ತೆತ್ತು
ಸೆಬುವಿನ ಹಡಗಿನಲ್ಲಿ ತರಿಸಿದೆ.
ಕಪ್ಪು ಕೊಳವೆ, ಒಳಗೆ ನಾಲ್ಕು ಗಾಜು,
ಎತ್ತಿಕೊಂಡರೆ ಎಳೆಮಗುವಿನ ತೋಳಿನ ತೂಕ.
ಮಾಡಿನ ಮೇಲೆ ಒಗೆದ ಬಟ್ಟೆಗಳನ್ನು ಸರಿಸಿ
ಶನಿಯ ಕಡೆಗೆ ತಿರುಗಿಸಿದೆ.
ಬಂದ, ಪರದೆಯ ತುಂಬ ಬಂದ,
ತುಂಬಿ ತುಳುಕಿ ಅಂಚಿನಿಂದ ಜಾರಿ ಹೋದ.
ಹಿಡಿದು ತಂದರೆ ಮಂಕು, ಬೆಳಕು ಹೆಚ್ಚಿಸಿದರೆ ಮರಳು,
ಬಳೆಯೋ ತಲೆಯೋ ತಿಳಿಯದಂತೆ ಕದಡಿದ ಗಂಜಿ.
ಕನ್ನಡಿಯೊಳಗಿನ ಗಂಟು ಅನ್ನುತ್ತಾರಲ್ಲ,
ನನ್ನದು ಎಂಟಿಂಚಿನ ಕನ್ನಡಿ, ಗಂಟು ಅದಕ್ಕೆ ತಕ್ಕಷ್ಟೇ.

ಹಬಾಗಟ್ ಗಾಳಿ ಇನ್ನೂ ಬೀಸುತ್ತಿದೆ, ಅದರದೇ ತಪ್ಪು, ಅಂದೆ.
ಹೂಂ, ಅಂದಳು ತೆಯೋಫಿಲಾ. ಹೂಂ ಎಂದರೆ ಅಲ್ಲ ಎಂದು.

ಎರಡು ಪಟ್ಟಿನ ಹಳೆಯದೊಂದಿತ್ತು, ಬೆಳ್ಳಿಯ ಬಣ್ಣ ಎದ್ದದ್ದು.
ಬಾರ್ಲೋವಿನ ಗುಣವೊಂದು ವಿಚಿತ್ರ:
ಕ್ಯಾಮೆರಾವನ್ನು ದೂರ ಸರಿಸಿದಷ್ಟೂ ಅದು ಹೆಚ್ಚು ಹಿಗ್ಗಿಸುತ್ತದೆ.
ಹಾಗಾದರೆ ಬೇಕಾದದ್ದು ಗಾಜಲ್ಲ, ನಡುವೆ ಒಂದಿಷ್ಟು ಖಾಲಿ.
ಹೆಬ್ಬೆರಳುದ್ದದ ಹಿತ್ತಾಳೆ ಕೊಳವೆ ಆರಿಸಿ
ಗಡಿಯಾರದ ಲೇತಿಗೆ ಕೊಟ್ಟೆ, ಎರಡು ಸಂಜೆ ಕೊರೆದೆ,
ಒಳಮೈಗೆ ಮಸಿ ಬಳಿದೆ.
ಖಾಲಿಯನ್ನು ಅಳೆದು ಮಾಡುವುದು
ಚಕ್ರ ಮಾಡುವುದಕ್ಕಿಂತ ಕಷ್ಟ ಎಂದು ಆಗ ತಿಳಿಯಿತು.

ಬಿರುಗಾಳಿಗೆ ಎರಡು ದಿನ ಮುಂಚೆ
ಸಿಕಿಹೋರ್ ದ್ವೀಪದ ದೀಪಗಳು ಮಿನುಗುವುದನ್ನು ಬಿಟ್ಟವು.
ತಂತಿಯ ಮೇಲಿನ ಬಟ್ಟೆ ಅಲುಗಲಿಲ್ಲ.
ಶನಿ ಬಂದ, ಹುಣಸೆಬೀಜದಷ್ಟು ಸಣ್ಣವ,
ಬಂದು ಸುಮ್ಮನೆ ನಿಂತ.
ಎಂಟು ಸಾವಿರ ಚಿತ್ರ ತೆಗೆದು, ಏಳು ಸಾವಿರ ಎಸೆದು
ಉಳಿದವನ್ನು ಒಂದರ ಮೇಲೊಂದು ಪೇರಿಸಿದಾಗ
ಬಳೆಯ ನಡುವೆ ಆ ಕರಿಗೆರೆ,
ಗಡಿಯಾರದ ಕೂದಲು ಸ್ಪ್ರಿಂಗಿನಷ್ಟೇ ತೆಳು,
ಎಲ್ಲೂ ತುಂಡಾಗದೆ ಸುತ್ತಿಬಂದಿತ್ತು.

ಚಿಕ್ಕದಾಯಿತಲ್ಲ, ಅಂದೆ.
ತೆಯೋಫಿಲಾ ಆಗಲೇ ಚಪ್ಪಲಿ ಮೆಟ್ಟಿದ್ದಳು,
ನಾಲ್ಕಕ್ಕೆ ಮೊದಲ ಲಾರಿ.

ಐದು ಪಟ್ಟಿನದನ್ನು ಮಾರಿಲ್ಲ.
ಕೆಳಗಿನ ಖಾನೆಯಲ್ಲಿ, ಒರೆಸುವ ಬಟ್ಟೆಯ ಅಡಿಯಲ್ಲಿದೆ.
ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಬೂಸಲು ಹಿಡಿದಿದೆಯೇ ನೋಡುತ್ತೇನೆ.
ಗಾಳಿಯದ್ದೇ ತಪ್ಪಿದ್ದರೂ ಇರಬಹುದಲ್ಲ.