ಷರಾ

ಇಪ್ಪತ್ತೆರಡು ವರ್ಷದಿಂದ ಹಾಸನದಲ್ಲಿ ಮೀಟರು ಓದುತ್ತಿದ್ದೇನೆ.
ಮನುಷ್ಯರ ಹೆಸರು ಮರೆತೀತು, ಗೇಟುಗಳು ಮರೆಯುವುದಿಲ್ಲ:
ಯಾವುದು ಕಿರ್ರೆನ್ನುತ್ತದೆ, ಯಾವುದರ ಅಗುಳಿ ಒಳಗಿನಿಂದ,
ಯಾವುದರ ಹಿಂದೆ ಹಲ್ಲಿದೆ.

ನನ್ನ ಎಡ ಮೀನಖಂಡದ ಮೇಲೆ ಮೂರು ಸಹಿಗಳಿವೆ.
ಮೊದಲನೆಯದು ಸಂತೇಪೇಟೆಯ ಬೀದಿಯದ್ದು, ಮರಿ ಹಾಕಿತ್ತು, ತಪ್ಪು ನನ್ನದೇ.
ಎರಡನೆಯದರ ಕಥೆ ಬೇಡ. ಅದರ ಯಜಮಾನರು ವಕೀಲರು.
ಮೂರನೆಯದು ಹೋದ ದೀಪಾವಳಿಯಲ್ಲಿ, ಮೇಷ್ಟ್ರ ಮನೆಯ ಪಾಮೇರಿಯನ್ನು,
ಹತ್ತಿಯ ಉಂಡೆಯಂಥದ್ದು, ಹೆಸರು ಸ್ನೋಯಿ.
"ಅಯ್ಯೋ, ಆಟ ಆಡ್ತು ಕಣ್ರೀ" ಅಂದರು ಮೇಷ್ಟ್ರ ಹೆಂಡತಿ.
ಅರಿಶಿನ ಕೊಟ್ಟರು. ಬಿಲ್ಲು ಜಾಸ್ತಿ ಬಂದಿದೆ ಅಂತಲೂ ಅಂದರು.

ಅದೇ ಬೀದಿ, ಸಾಲಗಾಮೆ ರಸ್ತೆಯಿಂದ ಒಳಕ್ಕೆ, ನಾಲ್ಕನೇ ಕ್ರಾಸು.
ಆಸ್ಪತ್ರೆ ಲ್ಯಾಬಿನ ಕಲ್ಪವಲ್ಲಿಯವರ ಮನೆಗೆ
ಪಿಟ್‌ಬುಲ್ ಬಂದಿದೆ ಎಂದು ಹಾಲಿನವನು ಮೊದಲೇ ಹೇಳಿದ್ದ.
"ಹಿಡಿದರೆ ಬಿಡಲ್ಲವಂತೆ. ದವಡೆಗೆ ಬೀಗ ಬೀಳ್ತದಂತೆ."
ಅಂತೆಗಳಿಗೆ ಈ ಊರಲ್ಲಿ ಮೀಟರಿಲ್ಲ.

ಚನ್ನರಾಯಪಟ್ಟಣದ ಕಡೆ ಯಾರೋ ತೋಟಕ್ಕೆ ಕಟ್ಟಿಹಾಕಿ
ಕಿಲ್ಲರ್ ಎಂದು ಕರೆಯುತ್ತಿದ್ದರಂತೆ
(ನೋಡಿ, ನನಗೂ ಅಂಟಿತು).
ಕುತ್ತಿಗೆಯಲ್ಲಿ ಸರಪಳಿ ತಿಂದ ಗುರುತು,
ಕಿವಿ, ಯಾರೋ ಮನೆಯ ಕತ್ತರಿಯಲ್ಲೇ ಕತ್ತರಿಸಿದ್ದು.
ಕಲ್ಪವಲ್ಲಿಯವರ ಮಗಳು ಧಾತ್ರಿ, ಎಂಟು ವರ್ಷ,
ಮೂಗು ನೋಡಿ ಹೆಸರು ಬದಲಿಸಿದಳು: ಸೀಬೆ.
ಕೊಯ್ದ ಕೆಂಪು ಸೀಬೆಯ ಬಣ್ಣವೇ, ಸುಳ್ಳಲ್ಲ.

ಮೀಟರು ಇದ್ದದ್ದು ಅವನು ಮಲಗುವ ಗೋಡೆಯ ಮೇಲೆ.
"ಕಣ್ಣಲ್ಲಿ ಕಣ್ಣಿಡಬೇಡಿ. ಕೈ ಮೂಸಲಿ. ಓಡಬೇಡಿ,"
ಎಂದರು ಆಕೆ, ರಕ್ತ ತೆಗೆಯುವವರ ದನಿಯಲ್ಲಿ.
ಮೂಸಿದ. ಹಾಸನದ ನಾಯಿಗಳೆಲ್ಲ ನನ್ನ ಪ್ಯಾಂಟಿನ ಮೇಲೆ
ಬರೆದದ್ದನ್ನು ಸಾವಧಾನವಾಗಿ ಓದಿದ.
ಆಮೇಲೆ ಒರಗಿದ. ಅಷ್ಟೆ.
ಇಪ್ಪತ್ತೈದು ಕೆಜಿಯ ಅಕ್ಕಿಮೂಟೆ ಒರಗಿದ ಹಾಗೆ
ನನ್ನ ಆ ಎಡಗಾಲಿಗೇ.
ನಾನು ರೀಡಿಂಗು ತಪ್ಪು ಹಾಕಿದೆ.

"ಸಾಧು," ಎಂದೆ.
"ಸಾಧು ಅನ್ನಬೇಡಿ," ಎಂದರು ಕಲ್ಪವಲ್ಲಿ.
"ಯುಗಾದಿ ಮಾರನೇ ದಿನ ಗಿರಿಜಾಂಬನವರ ಬೆಕ್ಕನ್ನು ಕೊಂದಿದ್ದಾನೆ.
ಬಿಡಿಸಲಾರದೆ ಹೋದೆ. ಅವರ ಕಾಲು ಹಿಡಿದೆ.
ಒಳ್ಳೆಯವನು. ಬಲ ಇದೆ. ಎರಡನ್ನೂ ನೆನಪಿಡಬೇಕು ನಾನು, ದಿನಾ.
ಧಾತ್ರಿ ಒಬ್ಬಳನ್ನೇ ಅವನ ಜೊತೆ ಬಿಡಲ್ಲ.
ಕಾದ ಎಣ್ಣೆ ಬಾಣಲೆ ಜೊತೇನೂ ಬಿಡಲ್ಲ, ಹಾಗಂತ
ಬಾಣಲೆ ಕೆಟ್ಟದ್ದು ಅಂತೀವಾ?"

ಆಮೇಲೆ ಎಲ್ಲೋ ದೂರದ ಊರಲ್ಲಿ ಏನೋ ಆಯಿತು.
ಟೀವಿಯಲ್ಲಿ ಅದೇ ಹಲ್ಲು ದಿನವಿಡೀ, ಕೆಂಪು ಬಾಣದ ಗುರುತಿನ ಜೊತೆ.
ಸಂಜೆಗೆ ನಾಲ್ಕನೇ ಕ್ರಾಸಿನಲ್ಲಿ ಅರ್ಜಿ ತಯಾರು.
ಮೊದಲ ಸಹಿ ಮೇಷ್ಟ್ರದು, ಸ್ನೋಯಿ ಕಂಕುಳಲ್ಲಿ.
ಬೆಕ್ಕು ಕಳಕೊಂಡ ಗಿರಿಜಾಂಬ ಹಾಕಲಿಲ್ಲ. ಯಾಕೆ, ನಾನು ಕೇಳಲಿಲ್ಲ.
"ನೀವು ಮನೆ ಮನೆ ತಿರುಗೋರು, ಒಂದು ಮಾತು ಬರೀರಿ" ಅಂದರು.
ನನ್ನ ಜೇಬಿನಲ್ಲಿ ಪೆನ್ನಿತ್ತು.
"ನಾನು ಬರೀ ಯೂನಿಟ್ಟು ಓದೋನು ಸಾರ್" ಅಂದೆ.
ಆ ರಾತ್ರಿ ಊಟ ಸೇರಲಿಲ್ಲ ಅಂದರೆ ಸುಳ್ಳಾದೀತು,
ಎರಡು ಮುದ್ದೆ ಉಂಡೆ.
ಎಡಗಾಲು ಮಾತ್ರ ತಣ್ಣಗಿತ್ತು.

ನಮ್ಮ ಯಂತ್ರದಲ್ಲಿ ಷರಾ ಎಂಬ ಕಾಲಮ್ಮಿದೆ:
ಬಾಗಿಲು ಬೀಗ. ಮೀಟರು ಸುಟ್ಟಿದೆ. ನಾಯಿ ಇದೆ.
ನಾಯಿ ಇದೆ ಎಂದು ಒತ್ತಿದರೆ ಸಾಕು, ಒಳಗೆ ಹೋಗದೆಯೇ
ಹಿಂದಿನ ಲೆಕ್ಕದ ಸರಾಸರಿ ಬಿಲ್ಲು ಹರಿದು ಬರುತ್ತದೆ.
ಊರು ಅವನಿಗೆ ಕೊಟ್ಟದ್ದೂ ಅದೇ ಬಿಲ್ಲು.

ಈ ತಿಂಗಳು ಹೋದೆ. ಇದ್ದ.
ಮೂತಿಗೆ ಬುಟ್ಟಿಯಂಥ ಬಲೆ, ಮನೆಯಲ್ಲೂ. ರಾಜಿಯಂತೆ.
ಧಾತ್ರಿ ಬಲೆಯ ಸಂದಿಯಲ್ಲಿ ಚಪಾತಿ ಚೂರು ತೂರಿಸುತ್ತಿದ್ದಳು,
ಅಮ್ಮ ಎರಡು ಮಾರು ದೂರದಲ್ಲಿ ಬಟ್ಟೆ ಮಡಿಸುತ್ತ, ಕಣ್ಣು ಇತ್ತಲೇ.
ಕೈ ಚಾಚಿದೆ. ನಾಲಗೆ ಎಟುಕಲಿಲ್ಲ.
ಒರಗಿದ.
ನೂರ ಹನ್ನೊಂದು ಯೂನಿಟ್ಟು. ಎರಡು ಸಲ ನೋಡಿ ಬರೆದೆ.

ಗೇಟು ಹಾಕಿ, ಚಿಲಕ ಸಿಕ್ಕಿದೆಯಾ ಎಂದು ಎಳೆದು ನೋಡಿ,
ಚರಂಡಿ ಪಕ್ಕ ಬಿದ್ದಿದ್ದ ಕೋಲೊಂದನ್ನು ಎತ್ತಿಕೊಂಡೆ.
ಮುಂದಿನದು ಮೇಷ್ಟ್ರ ಮನೆ.