ದ್ರಾಕ್ಷಿ ಬ್ರೆಡ್ಡು

ಬುಲವಾಯೊದಲ್ಲಿ ಜುಲೈ ಚಳಿ. ಇನ್ನೂ ನಾಲ್ಕೂವರೆ.
ಡ್ಲೋಡ್ಲೊ ಬೇಕರಿಯ ಗೋಡೆಗೆ ಬೆನ್ನು ಕೊಟ್ಟು
ನಾನು ಎಪ್ಪತ್ತಮೂರನೆಯವಳು.
ಮಾಸಿಬಾಂಡಾ ಅಜ್ಜಿ ಬಾಲ್‌ಪೆನ್ನಿನಲ್ಲಿ
ಎಲ್ಲರ ಅಂಗೈ ಮೇಲೂ ನಂಬರು ಬರೆದಿದ್ದಾಳೆ.
ಅಳಿಸದಿರಲೆಂದು ಮುಷ್ಟಿ ಬಿಗಿದಿದ್ದೇನೆ,
ಒಳಗೊಂದು ನಾಣ್ಯವಿದ್ದ ಹಾಗೆ.

ಕಳೆದ ತಿಂಗಳು ಜೀಪಿನಲ್ಲಿ ಬಂದು ಬೆಲೆ ಕಟ್ಟಿದರು.
ಕರುವನ್ನು ಗೂಟಕ್ಕೆ ಕಟ್ಟುವ ಹಾಗೆ ಕಟ್ಟಿದರು:
ಹಗ್ಗ ಗಿಡ್ಡ, ಹುಲ್ಲು ದೂರ.
ಅರ್ಧಕ್ಕರ್ಧ ಬೆಲೆ!
ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು,
ಸುಳ್ಳು ಹೇಳಲಾರೆ.
ಆ ಸಂಜೆ ಎರಡು ಬ್ರೆಡ್ಡು ತಂದೆ.
ಒಂದನ್ನು ತಿಂದೆವು,
ಇನ್ನೊಂದನ್ನು ಸುಮ್ಮನೆ ನೋಡುತ್ತ ಕೂತೆವು.
ಮೂರನೆಯ ದಿನಕ್ಕೆ ಕಪಾಟಿನಲ್ಲಿ
ಬೆಲೆಚೀಟಿಯೊಂದೇ ಉಳಿದಿತ್ತು,
ಅಗ್ಗವಾಗಿ, ಅಚ್ಚುಕಟ್ಟಾಗಿ.

ಡ್ಲೋಡ್ಲೊ ಕೆಟ್ಟವನಲ್ಲ.
ಅವನ ಹಿಟ್ಟಿಗೆ, ಯೀಸ್ಟಿಗೆ, ಡೀಸೆಲ್ಲಿಗೆ
ಯಾವ ಜೀಪೂ ಹೋಗಿ ಬೆಲೆ ಕಟ್ಟಲಿಲ್ಲ.
ನಾಲ್ಕು ಒಲೆಗಳಲ್ಲಿ ಮೂರನ್ನು ಆರಿಸಿದ.
ಹಿಂಬಾಗಿಲಲ್ಲಿ ನಿಂತು ನನ್ನೊಡನೆ ಪಿಸುಗುಟ್ಟಿದ:
“ಸುಟ್ಟಷ್ಟೂ ನಷ್ಟ ಟೀಚರ್, ಸುಡದಿದ್ದರೆ ಅಪರಾಧ.
ಅದಕ್ಕೇ ಸುಡುತ್ತೇನೆ,
ಅಪರಾಧ ಆಗದಷ್ಟು.”

ಆಮೇಲೆ ಅವನಿಗೆ ದ್ರಾಕ್ಷಿ ಹೊಳೆಯಿತು.
ಆದೇಶದಲ್ಲಿ ಬ್ರೆಡ್ಡು ಎಂದಿತ್ತು,
ದ್ರಾಕ್ಷಿ ಬ್ರೆಡ್ಡು ಎಂದಿರಲಿಲ್ಲ.
ಮೊದಲ ವಾರ ಒಂದೊಂದರಲ್ಲೂ ಏಳೆಂಟು ಒಣದ್ರಾಕ್ಷಿ,
ಆಮೇಲೆ ಮೂರು,
ಆಮೇಲೆ ಒಂದೇ ಒಂದು:
ಕೊನೆಯ ಹೋಳಿನಲ್ಲಿ ನೊಣದಂತೆ ಕೂತು
ಇಡೀ ಬ್ರೆಡ್ಡನ್ನು ಕಾನೂನಿನಿಂದ ಕಾಯುತ್ತಿತ್ತು.

ಅದನ್ನೂ ಕಂಡುಹಿಡಿದರು. ದ್ರಾಕ್ಷಿ ಎಂದರೆ ಶೋಕಿ,
ಶೋಕಿಯೆಂದರೆ ತೆರಿಗೆ.
ನೋಟೀಸು ಬಂದದ್ದು ಡ್ಲೋಡ್ಲೊ ಹೆಸರಿಗೆ.
ಹೊರೆ ಮಾತ್ರ ವಿಳಾಸ ನೋಡಿ ಇಳಿಯುವುದಿಲ್ಲ,
ಓಡಲಾರದವರ ಹೆಗಲು ಹುಡುಕುತ್ತದೆ.
ಜೋಳದ ಹಿಟ್ಟು ಊರಿಂದ ಮೊದಲೇ ಮಾಯವಾಗಿತ್ತು.
ನನ್ನದು ಮೂರು ಮಕ್ಕಳ ಮನೆ.
ನಾನು ಎಲ್ಲಿಗೆ ಓಡಲಿ?
ಓಡಬಲ್ಲವರು ಗಡಿ ದಾಟಿ
ಫ್ರಾನ್ಸಿಸ್‌ಟೌನಿನಲ್ಲಿ ಸಂತೆ ಮಾಡಿ ಬಂದರು.

ಹತ್ತು ಗಂಟೆಗೆ ಇದನ್ನೇ ಹಲಗೆಯ ಮೇಲೆ ಬರೆಯುತ್ತೇನೆ.
ಇಳಿಯುವ ಗೆರೆ, ಏರುವ ಗೆರೆ,
ಕೂಡುವ ಜಾಗದಲ್ಲಿ ಸೀಮೆಸುಣ್ಣದ ಚುಕ್ಕಿ.
ಕೆಳಗೆ ಅಡ್ಡಗೆರೆ ಎಳೆದರೆ
ಬಲಗಡೆ ಒಂದು ತ್ರಿಕೋನ ಮೂಡುತ್ತದೆ.
ಅದು ಡ್ಲೋಡ್ಲೊ ಸುಡಬಹುದಾಗಿದ್ದ ಬ್ರೆಡ್ಡು,
ನಾನು ಕೊಳ್ಳಬಹುದಾಗಿದ್ದ ಬ್ರೆಡ್ಡು.
ಅವನಿಗೂ ದಕ್ಕಲಿಲ್ಲ, ನನಗೂ ದಕ್ಕಲಿಲ್ಲ,
ಸರ್ಕಾರದ ಖಜಾನೆಗೂ ಬೀಳಲಿಲ್ಲ.
ಕದ್ದವರಿಲ್ಲದ ಕಳವು.
ಒರೆಸುವಾಗ ಕೈಗೆ ಹತ್ತುವುದು ಬರೀ ಬಿಳಿ ಪುಡಿ,
ಹಿಟ್ಟಿನ ಹಾಗೆ.

ಕೊನೆಯ ಬೆಂಚಿನ ಮ್ಥಾಬಿಸಿ ನಿದ್ದೆ ಮಾಡುತ್ತಾನೆ.
ನಾನು ಬಯ್ಯುವುದಿಲ್ಲ.
ರಾತ್ರಿಯೆಲ್ಲ ಈ ಸಾಲಿನಲ್ಲಿ
ಅವನ ಕಂಬಳಿ ಮುಂದುಗಡೆಯೇ ಇರುತ್ತದೆ.
ಅವನ ನಂಬರು ಹತ್ತು ದಾಟಿದ್ದನ್ನು ಕಂಡವರಿಲ್ಲ.
ಬೆಳಗಿನ ಜಾವ ಅದನ್ನು ಮಾರುತ್ತಾನೆ.
ತಿಂಗಳಿಗೆ ಅವನ ಗಳಿಕೆ
ನನ್ನ ಸಂಬಳಕ್ಕಿಂತ ಒಂದು ಜೊತೆ ಬೂಟಿನಷ್ಟು ಹೆಚ್ಚು.
ಬೂಟು ನೋಡಿದ್ದೇನೆ. ಹೊಸದು.

ಕಳೆದ ವಾರದ ಪರೀಕ್ಷೆಯಲ್ಲಿ ಕೇಳಿದ್ದೆ:
ಈ ತ್ರಿಕೋನ ಯಾರಿಗೆ ಸೇರುತ್ತದೆ?
ನಲವತ್ತು ಮಂದಿ ಬರೆದರು, ಯಾರಿಗೂ ಇಲ್ಲ.
ಅವನೂ ಅದನ್ನೇ ಬರೆದ,
ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು:
“ಆದರೆ ಟೀಚರ್, ಪಕ್ಕದ ಚೌಕ ನನ್ನದು.”
ತುಂಬ ಹೊತ್ತು ಆ ಚಿತ್ರ ನೋಡಿದೆ.
ಜೀಪಿನವರು ಕಟ್ಟಿದ ಬೆಲೆಗೂ
ಹಸಿದವಳು ತೆರಲು ಸಿದ್ಧಳಿರುವ ಬೆಲೆಗೂ ನಡುವೆ
ನಿಜಕ್ಕೂ ಒಂದು ಚೌಕವಿತ್ತು,
ಕಂಬಳಿ ಹಾಸುವಷ್ಟು ಅಗಲ.
ಪೂರ್ತಿ ಅಂಕ ಕೊಟ್ಟೆ.

ಈಗ ಮೂಡಣ ಬೆಳ್ಳಗಾಗುತ್ತಿದೆ.
ಬಾಗಿಲ ಸಂದಿಯಿಂದ ಒಂದು ಒಲೆಯ ವಾಸನೆ,
ನೂರು ಮೂಗುಗಳಿಗೆ.
ಮುಂದಿನಿಂದ ಒಬ್ಬ ಎದ್ದು, ಕಂಬಳಿ ಮಡಚಿ,
ಸಾಲಿನುದ್ದಕ್ಕೂ ಮುಖ ನೋಡುತ್ತ ಬರುತ್ತಾನೆ.
ನನ್ನೆದುರು ನಿಂತು ತಲೆ ತಗ್ಗಿಸುತ್ತಾನೆ:
“ನಾಲ್ಕನೇ ನಂಬರು, ಟೀಚರ್.
ನಿಮಗಾದರೆ ಅರ್ಧ ಬೆಲೆ.”

ಮುಷ್ಟಿ ಬಿಚ್ಚಿದೆ.
ಬಿಗಿಹಿಡಿದು ಹಿಡಿದು
ಎಪ್ಪತ್ತಮೂರು ಒಂದು ನೀಲಿ ಕಲೆಯಾಗಿತ್ತು.
ಅವನ ಚೌಕದಲ್ಲೇ ನಿಂತು
ಚೌಕಾಸಿಗೆ ಇಳಿದೆ.